ಹೈಬ್ರಿಡ್ ಕಾರು, ಮೈಸೂರು–ಮಂಡ್ಯ ದಿನಾ ಓಡಾಟ: ಹೇಗೆ ಓಡಿಸಿದರೆ ಮೈಲೇಜ್ ಬರುತ್ತೆ?

ಜೋಡಿರಸ್ತೆ_ಮೈಸೂರು

ಎಲ್ಲರಿಗೂ ನಮಸ್ಕಾರ. ಗಾಡಿ 1.5 ಲೀಟರ್ ಸ್ಟ್ರಾಂಗ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ಕರೆಂಟ್ ಮೋಟರೂ ಇರೋದು) ಎಸ್‌ಯುವಿ, ಇ-ಸಿವಿಟಿ ಅನ್ನೋ ಆಟೋಮ್ಯಾಟಿಕ್ ಗೇರ್. ಸೋಮವಾರದಿಂದ ಶುಕ್ರವಾರ ಕುವೆಂಪುನಗರದಿಂದ ಮಂಡ್ಯಕ್ಕೆ ಹೋಗಿ ಬರಬೇಕು. ಊರೊಳಗೆ ಸಿಗ್ನಲ್ಲು, ಸರ್ಕಲ್ಲು, ಹಂಪು. ಆಮೇಲೆ ಬೆಂಗಳೂರು ಹೈವೇ. ಭಾನುವಾರ ಆಗಾಗ ಚಾಮುಂಡಿ ಬೆಟ್ಟ. ಬ್ರೋಷರ್‌ನಲ್ಲಿ ಲೀಟರಿಗೆ 28ರ ಹತ್ತಿರ ಅಂತಿದೆ, ಡಿಸ್‌ಪ್ಲೇಯಲ್ಲಿ 19–20 ದಾಟ್ತಿಲ್ಲ.

ಈಗ ಓಡಿಸ್ತಿರೋ ಕ್ರಮ ಹೇಳ್ತೀನಿ, ತಪ್ಪೆಲ್ಲಿದೆ ಅಂತ ತಿಳಿದವರು ತಿದ್ದಿ. ಎಂಜಿನ್ ಶುರುವಾಗದ ಹಾಗೆ ಆಕ್ಸಿಲರೇಟರ್ ಮೇಲೆ ಕಾಲು ಇಟ್ಟೂ ಇಡದ ಹಾಗೆ ನಿಧಾನಕ್ಕೆ ಎಳೀತೀನಿ, ಬರೀ ಬ್ಯಾಟರಿಯಲ್ಲಿ ಓಡಿಸೋ ಇವಿ ಬಟನ್ ಒತ್ತಿರ್ತೀನಿ. ಸಿಗ್ನಲ್‌ನಲ್ಲೂ ಇಳಿಜಾರಲ್ಲೂ ‘ಎನ್’ (ನ್ಯೂಟ್ರಲ್). ಹೈವೇಯಲ್ಲಿ ಕ್ರೂಸ್ ಕಂಟ್ರೋಲ್ 100ಕ್ಕೆ. ಎಸಿ 22. ಬೆಟ್ಟ ಇಳಿಯುವಾಗ ‘ಬಿ’ಗೆ (ಗಾಡಿಯನ್ನ ಹಿಂದಕ್ಕೆ ಎಳೆದು ಹಿಡಿಯೋ ಗೇರ್) ಹಾಕಿದರೆ ಅರ್ಧ ದಾರಿಗೆ ಎಂಜಿನ್ ಜೋರಾಗಿ ಕೂಗೋಕೆ ಶುರು ಮಾಡುತ್ತೆ. ಅದರಿಂದ ಪೆಟ್ರೋಲ್ ಸುಡುತ್ತಾ? ಇನ್ನೊಂದು: ಊರೊಳಗಿನ ಟ್ರಾಫಿಕ್ ತಪ್ಪಿಸೋಕೆ ರಿಂಗ್ ರೋಡ್ ಸುತ್ತಿಕೊಂಡು ಹೋದರೆ ಮೈಲೇಜ್ ಜಾಸ್ತಿ ಆಗುತ್ತಾ?

ಇಳಿಜಾರು

ಸರ್, ನಿಮ್ಮ ಗಮನವೆಲ್ಲ ಎಂಜಿನ್ ಆರಿಸಿಡೋದರ ಮೇಲಿದೆ. ಮೈಲೇಜ್ ಹೋಗ್ತಿರೋದು ಅಲ್ಲೇ. ಎಂಜಿನ್ ಓಡಲಿ, ಆದರೆ ಓಡುವಾಗ ಅದರಿಂದ ಸರಿಯಾಗಿ ಕೆಲಸ ತೆಗೀರಿ. ಹಾಗೆ ಬಂದ ವೇಗವನ್ನ ಬ್ರೇಕಿಗೆ ಚೆಲ್ಲದೆ ಆದಷ್ಟು ದೂರ ಬಳಸಿ.

ಮೊದಲು ಬ್ಯಾಟರಿ ಎಷ್ಟು ಚಿಕ್ಕದು ನೋಡಿ. ಹೈರೈಡರ್, ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್‌ಗಳಲ್ಲಿರೋ ಲಿಥಿಯಂ ಬ್ಯಾಟರಿ 0.76 ಕಿಲೋವ್ಯಾಟ್ ಗಂಟೆ. ಬಾಳಿಕೆ ಬರಲಿ ಅಂತ ಕಂಪ್ಯೂಟರ್ ಅದನ್ನ ಪೂರ್ತಿ ಖಾಲಿಯಾಗೋಕೂ ಬಿಡಲ್ಲ, ಪೂರ್ತಿ ತುಂಬೋಕೂ ಬಿಡಲ್ಲ. ಹೆಚ್ಚುಕಮ್ಮಿ 40ರಿಂದ 80 ಪರ್ಸೆಂಟ್ ನಡುವೆ ಇಟ್ಟಿರುತ್ತೆ. ನಮ್ಮ ಬಳಕೆಗೆ ಸಿಗೋದು 0.3 ಕಿಲೋವ್ಯಾಟ್ ಗಂಟೆ. ಪೆಟ್ರೋಲ್ ಲೆಕ್ಕಕ್ಕೆ ತಂದರೆ ಸುಮಾರು 100 ಮಿ.ಲೀ., ಒಂದು ಬೈಟು ಕಾಫಿಯಷ್ಟು. ಈ ಗಾಡಿಗೆ ಪ್ಲಗ್ ಇಲ್ಲವಲ್ಲ, ಆ ಕರೆಂಟೂ ಟ್ಯಾಂಕಿನಿಂದಲೇ ಬಂದದ್ದು. ಎಂಜಿನ್‌ನಿಂದ ಜನರೇಟರ್, ಅಲ್ಲಿಂದ ಇನ್ವರ್ಟರ್, ಬ್ಯಾಟರಿ, ಮತ್ತೆ ಇನ್ವರ್ಟರ್, ಮೋಟರ್. ಇಷ್ಟು ಕೈ ದಾಟೋ ಹೊತ್ತಿಗೆ ನಾಲ್ಕರಲ್ಲಿ ಒಂದು ಪಾಲಿನಷ್ಟು ಶಾಖವಾಗಿ ಹೋಗಿರುತ್ತೆ.

ಇವಿ ಬಟನ್ ಒತ್ತಿ ತೆವಳಿದಾಗ ಆಗೋದು ಇದೇ. ಬ್ಯಾಟರಿ ಬೇಗ ಇಳಿಯುತ್ತೆ. ಆಮೇಲೆ ಯಾವುದೋ ಸಿಗ್ನಲ್‌ನಲ್ಲಿ ಗಾಡಿ ನಿಂತಿರುವಾಗಲೇ ಬರೀ ಚಾರ್ಜ್ ಮಾಡೋಕೆ ಎಂಜಿನ್ ಎದ್ದು ಕೂರುತ್ತೆ. ಪೆಟ್ರೋಲೂ ಸುಟ್ಟಿತು, ಗಾಡಿಯೂ ಮುಂದಕ್ಕೆ ಹೋಗಲಿಲ್ಲ. ಆ ಬಟನ್ ಇರೋದು ರಾತ್ರಿ ಹೊತ್ತು ಸದ್ದಿಲ್ಲದೆ ಗೇಟಿನಿಂದ ಆಚೆ ತೆಗೆಯೋಕೆ, ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಹೊಗೆ ಬಿಡದೆ ಓಡಾಡೋಕೆ. ದಿನದ ಓಡಾಟದಲ್ಲಿ ಅದನ್ನ ಮುಟ್ಟಲೇಬೇಡಿ.

ಈ ಗಾಡಿಗಳಲ್ಲಿರೋ, ಮೈಲೇಜ್‌ಗಂತಲೇ ಮಾಡಿದ ಅಟ್ಕಿನ್ಸನ್ ಸೈಕಲ್ ಎಂಜಿನ್‌ಗೆ ಮಧ್ಯಮ ಭಾರ ಇದ್ದಾಗಲೇ ಒಳ್ಳೆ ದಕ್ಷತೆ, 40 ಪರ್ಸೆಂಟ್ ಹತ್ತಿರಕ್ಕೆ ಹೋಗುತ್ತೆ. ತೀರಾ ಕಡಿಮೆ ಭಾರದಲ್ಲಿ ಅದರಿಂದ ಬಹಳ ಕೆಳಗೆ ಬೀಳುತ್ತೆ. ಆದ್ದರಿಂದ ಸಿಗ್ನಲ್ ಬಿಟ್ಟ ಮೇಲೆ ಹೀಗೆ ಮಾಡಿ. ಬ್ರೇಕ್ ಬಿಟ್ಟಾಗ ಮೊದಲ ಒಂದೆರಡು ಸೆಕೆಂಡು ಗಾಡಿ ತಾನೇ ಮೋಟರ್‌ನಲ್ಲಿ ಉರುಳಲಿ. ಆಮೇಲೆ ಚಾರ್ಜ್, ಇಕೋ, ಪವರ್ ಅಂತ ಭಾಗ ಇರೋ ಮೀಟರಿನ ಮುಳ್ಳು ಇಕೋ ಭಾಗದ ಮೇಲರ್ಧಕ್ಕೆ ಬರೋ ಹಾಗೆ ಒತ್ತಿ. ಪವರ್ ಗೆರೆ ಮುಟ್ಟೋದು ಬೇಡ. ಎಂಜಿನ್ ಶುರುವಾಗುತ್ತೆ, ಆಗಲಿ. 10–12 ಸೆಕೆಂಡಿಗೆ 50 ಮುಟ್ಟಿ. ಮುಟ್ಟಿದ ತಕ್ಷಣ ಕಾಲು ಪೂರ್ತಿ ಮೇಲೆತ್ತಿ, ಒಂದು ಸೆಕೆಂಡಿಗೆ ಎಂಜಿನ್ ಆರುತ್ತೆ. ಆಮೇಲೆ ಹೂವು ಮುಟ್ಟಿದ ಹಾಗೆ ಮತ್ತೆ ಒತ್ತಿ. ಈಗ ಮೋಟರ್ ಒಂದೇ ಆ ವೇಗ ಹಿಡಿದುಕೊಂಡು ಹೋಗುತ್ತೆ. ಕಾಲು ಎತ್ತದೆ ಹಾಗೇ ಮೆಲ್ಲಗೆ ಸಡಿಲಿಸ್ತಾ ಬಂದರೆ ಬಹಳ ಸಲ ಎಂಜಿನ್ ಆರದೆ ಸುಮ್ಮನೆ ಓಡ್ತಾ ಇರುತ್ತೆ. ಎಷ್ಟೋ ಜನಕ್ಕೆ ಮೈಲೇಜ್ ಸೋರೋದು ಈ ಒಂದು ಜಾಗದಲ್ಲೇ.

ಶಕ್ತಿ ಎಲ್ಲಿಂದ ಎಲ್ಲಿಗೆ ಹೋಗ್ತಿದೆ ಅಂತ ಬಾಣದಲ್ಲಿ ತೋರಿಸೋ ಎನರ್ಜಿ ಸ್ಕ್ರೀನ್ ತೆರೆದಿಟ್ಟು ಇನ್ನೊಂದು ಅಭ್ಯಾಸ ಮಾಡಿ. ಕಾಲು ಪೂರ್ತಿ ತೆಗೆದಾಗ ಚಕ್ರದಿಂದ ಬ್ಯಾಟರಿ ಕಡೆಗೆ ಬಾಣ ಬರುತ್ತೆ. ಪೆಡಲ್‌ಗೆ ಕೂದಲೆಳೆಯಷ್ಟು ಒತ್ತು ಕೊಟ್ಟರೆ ಆ ಬಾಣವೂ ಮಾಯ, ಬ್ಯಾಟರಿಯಿಂದ ಚಕ್ರಕ್ಕೆ ಹೋಗೋ ಬಾಣವೂ ಇಲ್ಲ. ಗಾಡಿ ಬರೀ ಉರುಳ್ತಾ ಇರುತ್ತೆ. ಮುಂದೆ ನಿಲ್ಲೋ ಅಗತ್ಯ ಇಲ್ಲದಾಗ ಹೀಗೆ ಉರುಳಿಸಿ. ನಿಲ್ಲಲೇಬೇಕು ಅಂತ ಗೊತ್ತಾದಾಗ ಮಾತ್ರ ಚಾರ್ಜ್ ಮಾಡಿ. ವೇಗವನ್ನ ಕರೆಂಟ್ ಮಾಡಿ, ಕರೆಂಟನ್ನ ಮತ್ತೆ ವೇಗ ಮಾಡೋದರಲ್ಲಿ ನಷ್ಟ ಇದ್ದೇ ಇದೆ. ವೇಗವನ್ನ ವೇಗವಾಗಿಯೇ ಇಟ್ಟುಕೊಂಡರೆ ಆ ನಷ್ಟ ಇಲ್ಲ.

ಬ್ರೇಕ್ ವಿಷಯ. 1,500 ಕೆಜಿ ಭಾರದ ಗಾಡಿ 80ರಿಂದ 20ಕ್ಕೆ ಇಳಿಯುವಾಗ ಸುಮಾರು 347 ಕಿಲೋಜೂಲ್ ಶಕ್ತಿ ಬಿಡುತ್ತೆ. ಅದನ್ನ 5 ಸೆಕೆಂಡಲ್ಲಿ ಇಳಿಸಿದರೆ ಸರಾಸರಿ 70 ಕಿಲೋವ್ಯಾಟ್, 15 ಸೆಕೆಂಡಲ್ಲಿ ಇಳಿಸಿದರೆ 23. ಈ ಗಾಡಿಗಳ ಮೋಟರ್ 80 ಪಿಎಸ್, ಅಂದರೆ 59 ಕಿಲೋವ್ಯಾಟ್. ಇಷ್ಟು ಚಿಕ್ಕ ಬ್ಯಾಟರಿ ಒಂದೇ ಸಲಕ್ಕೆ ತಗೊಳ್ಳೋದು ಅದಕ್ಕಿಂತಲೂ ಕಡಿಮೆ. ಮಿಕ್ಕಿದ್ದೆಲ್ಲ ಬ್ರೇಕ್ ಪ್ಯಾಡ್‌ನಲ್ಲಿ ಬಿಸಿಯಾಗಿ ಹೋಗುತ್ತೆ. ಆದ್ದರಿಂದ ಕೆಂಪು ದೀಪ ದೂರದಲ್ಲಿ ಕಂಡಾಗಲೇ ಮೆತ್ತಗೆ ಬ್ರೇಕ್ ಶುರು ಮಾಡಿ, ಮುಳ್ಳು ಚಾರ್ಜ್ ಭಾಗದ ಕೊನೆ ಮುಟ್ಟದ ಹಾಗೆ ನೋಡಿಕೊಳ್ಳಿ. 10 ಕಿ.ಮೀ. ವೇಗದ ಕೆಳಗೆ ಹೇಗಿದ್ದರೂ ಪ್ಯಾಡ್‌ಗಳೇ ಕೆಲಸ ಮಾಡೋದು.

‘ಎನ್’ ಬಿಟ್ಟುಬಿಡಿ. ಎನ್‌ನಲ್ಲಿ ಬ್ಯಾಟರಿ ಚಾರ್ಜ್ ಆಗೋದೇ ಇಲ್ಲ. ಇಳಿಜಾರಲ್ಲಿ ಬರಬೇಕಾದ್ದು ಬರಲ್ಲ, ಸಿಗ್ನಲ್‌ನಲ್ಲಿ ಎಸಿ ಮಾತ್ರ ಬ್ಯಾಟರಿ ಕುಡೀತಾ ಇರುತ್ತೆ. ‘ಡಿ’ಯಲ್ಲಿ ಬ್ರೇಕ್ ಒತ್ತಿ ನಿಂತರೆ ಸಾಕು. ಹಳೇ ಪೆಟ್ರೋಲ್ ಗಾಡಿಯ ಅಭ್ಯಾಸ ಇದು, ಇಲ್ಲಿಗೆ ಹೊಂದಲ್ಲ.

ರಿಂಗ್ ರೋಡ್ ಪ್ರಶ್ನೆಗೂ ಅದೇ ಉತ್ತರ. ಮಾಮೂಲಿ ಪೆಟ್ರೋಲ್ ಗಾಡಿಯಾದರೆ ಸುತ್ತು ದಾರಿ ಲಾಭ ಅನ್ನಬಹುದಿತ್ತು. ಹೈಬ್ರಿಡ್‌ಗೆ ನಿಂತು ಹೊರಡೋ ಖರ್ಚು ಕಡಿಮೆ, ನಿಂತಾಗಿನ ಖರ್ಚು ಇನ್ನೂ ಕಡಿಮೆ. ಪೂರ್ತಿ ಕಚ್ಚಿಕೊಂಡು ನಿಂತಿರೋ ಹೊತ್ತು, ದಸರಾ ದಿನಗಳು ಇವನ್ನ ಬಿಟ್ಟರೆ ಊರೊಳಗಿನ ಚಿಕ್ಕ ದಾರಿಯೇ ಸರಿ.

ಸ್ಪ್ಯಾನರ್_ಮಂಡ್ಯ

ಓಡ್ಸೋದು ಆಮೇಲೆ ನೋಡ್ಕಳಿ ಅಣ್ಣ, ಮೊದ್ಲು ಗಾಡಿ ಸಲೀಸಾಗಿ ಉರುಳ್ತದಾ ಇಲ್ವಾ ಅಂತ ನೋಡಿ. ಸಮತಟ್ಟಾಗಿರೋ ಖಾಲಿ ಜಾಗದಲ್ಲಿ 20ರ ವೇಗಕ್ಕೆ ತಂದು ಕಾಲು ಬಿಟ್ಬುಡಿ. ಸ್ಟೇರಿಂಗು ಒಂದು ಕಡೀಕೆ ಎಳುದ್ರೆ ಅಲೈನ್‌ಮೆಂಟೋ, ಇಲ್ಲಾ ಒಂದು ಕಡೆ ಬ್ರೇಕು ಹಿಡ್ಕಂಡದೆ.

ಹೈಬ್ರಿಡ್ ಗಾಡೀಲಿ ಬ್ರೇಕು ಹಿಡ್ಕಳದು ಜಾಸ್ತಿ, ಅದ್ಕೊಂದು ಕಾರಣ ಅದೆ. ಅರ್ಧಕ್ಕರ್ಧ ಬ್ರೇಕು ಮೋಟರೇ ಹಾಕ್ತದೆ, ಪ್ಯಾಡಿಗೆ ಕೆಲ್ಸ ಕಮ್ಮಿ. ಮಳೆಗಾಲದಲ್ಲಿ ಮೂರ್ನಾಕು ದಿವ್ಸ ನಿಂತ್ರೆ ಡಿಸ್ಕ್ ಮೇಲೆ ತುಕ್ಕು ಕಟ್ತದೆ, ಪ್ಯಾಡ್ನ ಡಿಸ್ಕಿಗೆ ಒತ್ತೋ ಕ್ಯಾಲಿಪರ್‌ನ ಸ್ಲೈಡ್ ಪಿನ್ನಲ್ಲಿ ಗ್ರೀಸು ಒಣಗ್ತದೆ. ಪ್ಯಾಡು ಪೂರ್ತಿ ವಾಪಸ್ ಬರಲ್ಲ, ಉಜ್ಕಂಡೇ ಓಡ್ತಿರ್ತದೆ. ನೋಡೋ ದಾರಿ ಇದು: ಹೈವೇಲಿ ಬ್ರೇಕು ಜಾಸ್ತಿ ಮುಟ್ದಂಗೆ 10 ಕಿ.ಮೀ. ಓಡ್ಸಿ, ಸೈಡಿಗೆ ನಿಲ್ಸಿ, ನಾಕೂ ವೀಲ್ ಹತ್ರ ಕೈಯಿನ ಹಿಂಬದಿ ಒಡ್ಡಿ ನೋಡಿ. ಡಿಸ್ಕ್ ಮುಟ್ಟಕ್ಕೆ ಹೋಗ್ಬೇಡಿ, ಸುಟ್ಟೋಯ್ತದೆ. ಮೂರು ಉಗುರುಬೆಚ್ಚಗಿದ್ದು ಒಂದು ಮಾತ್ರ ಕಾವು ಹೊಡೀತಿದ್ರೆ ಆ ವೀಲಿನ ಕ್ಯಾಲಿಪರ್ ಬಿಚ್ಚಿ ಪಿನ್ನು ಕ್ಲೀನ್ ಮಾಡ್ಸಿ, ಬ್ರೇಕಿಗೆ ಅಂತ್ಲೇ ಬರೋ ಗ್ರೀಸು ಹಾಕ್ಸಿ. ಮಾಮೂಲಿ ಗ್ರೀಸು ಹಾಕುದ್ರೆ ರಬ್ಬರು ಊದ್ಕಂಡು ಮತ್ತೆ ಹಿಡ್ಕತದೆ.

ತುಕ್ಕು ಕಟ್ಟದಂಗೆ ವಾರಕ್ಕೊಂದ್ಸಲ, ಹಿಂದೆ ಯಾವ ಗಾಡೀನೂ ಇಲ್ದೇ ಇರೋವಾಗ, 60ರಿಂದ 20ಕ್ಕೆ ಎರಡು ಮೂರು ಸಲ ಗಟ್ಟಿಯಾಗಿ ಬ್ರೇಕು ಒತ್ತಿ. ವಾಟರ್ ವಾಷ್ ಮಾಡ್ಸಿ ಬಂದ ದಿವ್ಸಾನೂ ಅಷ್ಟೇಯ.

ಗಾಳಿ: ಡ್ರೈವರ್ ಬಾಗಿಲು ತೆಗುದ್ರೆ ಕಂಬದ ಮೇಲೆ ಸ್ಟಿಕ್ಕರ್ ಅದೆ, ಅದ್ರಲ್ಲಿ ಎಷ್ಟು ಪಿಎಸ್‌ಐ ಅಂದದೋ ಅಷ್ಟು. ಬೆಳಿಗ್ಗೆ ಟೈರು ತಣ್ಣಗಿರೋವಾಗ ಹೊಡುಸ್ಬೇಕು. ಓಡ್ಸಿ ಬಿಸಿಯಾದ್ಮೇಲೆ 3–4 ಪಿಎಸ್‌ಐ ಜಾಸ್ತಿ ತೋರುಸ್ತದೆ. ಅದ್ನ ನೋಡಿ ಬಂಕಿನ ಹುಡುಗ ಗಾಳಿ ಬಿಟ್ರೆ ನಾಳೆ ಬೆಳಿಗ್ಗೆಗೆ ನಿಮ್ ಟೈರು ಕಮ್ಮಿ ಗಾಳೀಲಿರ್ತದೆ. 15 ದಿವ್ಸಕ್ಕೊಂದ್ಸಲ ನೋಡ್ಕಳಿ ಸಾಕು. ಒಂದು ಪಿಎಸ್‌ಐ ಕಮ್ಮಿಯಾದ್ರೆ ಮೈಲೇಜು ಸುಮಾರು 0.2 ಪರ್ಸೆಂಟ್ ಬೀಳ್ತದೆ. ಕಮ್ಮಿ ಅನ್ಸಬೋದು, ಆದ್ರೆ ಟೈರಿನ ಎರಡೂ ಅಂಚು ಸವೆಯೋ ಖರ್ಚು ಬೇರೆ ಅದೆ.

ಇನ್ನು ಬ್ಯಾಟರಿ ತಂಪಾಗೋಕೆ ಗಾಳಿ ಎಳ್ಕಳೋ ಜಾಲರಿ. ಕೆಲವು ಗಾಡೀಲಿ ಹಿಂದಿನ ಸೀಟಿನ ಪಕ್ಕ, ಕೆಲವುದ್ರಲ್ಲಿ ಬೇರೆ ಕಡೆ ಇರ್ತದೆ, ಮ್ಯಾನುವಲ್ ನೋಡಿ. ಅದ್ರ ಮೇಲೆ ಬ್ಯಾಗು, ಟವಲ್ಲು ಬೀಳ್ಬಾರ್ದು. ಒಳಗೆ ಫಿಲ್ಟರ್ ಇದ್ರೆ ಧೂಳು ತೆಗೀರಿ. ನಮ್ ಕಡೆ ಕಬ್ಬು ಕಡಿಯೋ ಕಾಲ್ದಲ್ಲಿ ತರಗು, ಧೂಳು ಎಲ್ಲಾ ಕಡೆ ನುಗ್ತದೆ. ಆ ಜಾಲರಿ ಕಟ್ಕಂಡ್ರೆ ಬ್ಯಾಟರಿ ಬಿಸಿಯಾಗ್ತದೆ, ಬಿಸಿಯಾದ ಬ್ಯಾಟರಿ ಕರೆಂಟು ತಗೊಳಕ್ಕೂ ಕೊಡಕ್ಕೂ ಹಿಂದೇಟು ಹಾಕ್ತದೆ, ಎಂಜಿನ್ನೇ ಜಾಸ್ತಿ ಓಡ್ತದೆ. ‘ಈ ನಡುವೆ ಇವಿಗೆ ಬರ್ತಾನೇ ಇಲ್ಲ’ ಅನ್ನೋ ಗಾಡೀಲಿ ನಾನು ಮೊದ್ಲು ಕೈ ಹಾಕದೇ ಅಲ್ಲಿಗೆ.

ಎಂಜಿನ್ ಆಯಿಲ್ಲು ಮ್ಯಾನುವಲ್ ಹೇಳಿದ ತೆಳು ಗ್ರೇಡೇ ಇರ್ಲಿ. ‘ನಮ್ಮೂರು ಬಿಸಿಲಿಗೆ ಮಂದ ಆಯಿಲ್ ಒಳ್ಳೇದು’ ಅಂತ ಯಾರಾದ್ರೂ ಹೇಳುದ್ರೆ ಬ್ಯಾಡ ಅನ್ನಿ. ಡಿಪ್‌ಸ್ಟಿಕ್‌ನಲ್ಲಿ ಮೇಲಿನ ಗುರುತು ದಾಟೋ ಹಂಗೂ ತುಂಬುಸ್ಬೇಡಿ.

ಹೆಬ್ಬಾಳ_ಬೈಪಾಸ್

ಟೈರಿಗೆ 40 ಪಿಎಸ್‌ಐ ಹಾಕಿಸಿ, ನೈಟ್ರೋಜನ್ ತುಂಬಿಸಿ. ಮೈಲೇಜ್ ತಾನಾಗಿ ಏರುತ್ತೆ. ಸ್ಟಿಕ್ಕರ್‌ನಲ್ಲಿರೋದು ಬರೀ ಆರಾಮ ಸವಾರಿಗೆ.

ಸ್ಪ್ಯಾನರ್_ಮಂಡ್ಯ

ಅಣ್ಣ, 40 ಬ್ಯಾಡ. ಗಾಳಿ ಜಾಸ್ತಿಯಾದ್ರೆ ಟೈರಿನ ನಡುಭಾಗ ಮಾತ್ರ ನೆಲ ಮುಟ್ತದೆ. ಮಳೇಲಿ ಬ್ರೇಕು ಒತ್ತಿದಾಗ ಜಾರ್ತದೆ, ನಡುವೆ ಸವೀತದೆ, ಹಂಪು ಗುಂಡಿ ಏಟೆಲ್ಲ ಸಸ್ಪೆನ್ಷನ್ನಿಗೆ ಬೀಳ್ತದೆ. ಇದ್ರಿಂದ ಬರೋದು ಒಂದೆರಡು ಪರ್ಸೆಂಟು. ಸರ್ವಿಸ್ ರೋಡಲ್ಲಿ ಟ್ರ್ಯಾಕ್ಟರ್ ಅಡ್ಡ ಬಂದಾಗ ಬೇಕಾಗೋದು ಹಿಡಿತ. ನೈಟ್ರೋಜನ್ನು ಕಾಸು ಕೊಟ್ಟು ಹಾಕುಸ್ಬೇಕಾಗಿಲ್ಲ, ಮಾಮೂಲಿ ಗಾಳೀಲೇ 78 ಪರ್ಸೆಂಟ್ ಅದೇ ಇರೋದು.

ಮಲ್ಲಿಗೆಮೊಗ್ಗು

ಊರೊಳಗಿನ ಓಡಾಟದ ಬಗ್ಗೆ ಒಂದಿಷ್ಟು ಸೇರಿಸ್ತೀನಿ. ಹೈಬ್ರಿಡ್‌ಗೆ ಊರೇ ಒಳ್ಳೇದು ಅಂತ ಎಲ್ಲರೂ ಹೇಳ್ತಾರೆ, ಆದರೆ ಎರಡು ಮೂರು ಕಿ.ಮೀ. ಓಡಾಟ ಈ ಗಾಡಿಗೂ ಕೆಟ್ಟದ್ದೇ.

ಬೆಳಿಗ್ಗೆ ತಣ್ಣಗಿನ ಗಾಡಿ ಆನ್ ಮಾಡಿದ ಮೇಲೆ ಬ್ಯಾಟರಿ ತುಂಬಿದ್ದರೂ ಎಂಜಿನ್ ಶುರುವಾಗುತ್ತೆ. ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗದ ಹೊರತು ಕೆಲಸ ಮಾಡಲ್ಲ. ಅದನ್ನ ಬಿಸಿ ಮಾಡೋಕೆ ಮೊದಲ 50–60 ಸೆಕೆಂಡು ಎಂಜಿನ್ ಬೇಕಂತಲೇ ಶಾಖ ಜಾಸ್ತಿ ಆಗೋ ಹಾಗೆ ಉರಿಸುತ್ತೆ. ಆ ಒಂದು ನಿಮಿಷ ಹೇಗಿದ್ದರೂ ಪೆಟ್ರೋಲ್ ಹೋಗೋದೇ. ನಿಂತು ಕಾಯಬೇಡಿ, ಸೀಟ್ ಬೆಲ್ಟ್ ಹಾಕಿಕೊಂಡು ಹೊರಟುಬಿಡಿ, ಆದರೆ ಮೆಲ್ಲಗೆ. ಆ ಹೊತ್ತಲ್ಲಿ ಗಾಡಿ ಹೆಚ್ಚಾಗಿ ಬ್ಯಾಟರಿಯಿಂದಲೇ ಚಲಿಸುತ್ತೆ. ಜೋರಾಗಿ ಒತ್ತಿದರೆ ತಣ್ಣನೆಯ ಎಂಜಿನ್ ಮೇಲೆ ಭಾರ ಬಿದ್ದು ಇನ್ನೂ ಜಾಸ್ತಿ ಕುಡಿಯುತ್ತೆ. ಜೋಡಿರಸ್ತೆಯವರೇ, ಮೇಲೆ ಹೇಳಿದ 10–12 ಸೆಕೆಂಡಿನ ಎಳೆತವನ್ನ ಎಂಜಿನ್ ಬಿಸಿಯಾದ ಮೇಲೆ ಶುರು ಮಾಡಿ, ಮನೆ ಗೇಟಿನಿಂದಲ್ಲ.

ಹಾಗಾಗಿ ಕೆಲಸಗಳನ್ನ ಒಟ್ಟುಗೂಡಿಸಿ. ದೇವರಾಜ ಮಾರ್ಕೆಟ್‌ಗೂ ಹೋಗಬೇಕು, ಪಕ್ಕದ ಬೀದಿಯ ಅಂಗಡಿಗೂ ಹೋಗಬೇಕು ಅಂದರೆ ಮೊದಲು ದೂರದ್ದು ಮುಗಿಸಿ. ಎಂಜಿನ್ ಚೆನ್ನಾಗಿ ಬಿಸಿಯಾಗಿರುತ್ತೆ, ವಾಪಸ್ ಬರುವಾಗ ಎರಡು ಮೂರು ಕಡೆ ನಿಂತು ಹೊರಟರೂ ಅದು ಮತ್ತೆ ಬಿಸಿಯಾಗೋ ಖರ್ಚು ಕೇಳಲ್ಲ. ಹತ್ತಿರದ್ದು ಮೊದಲು ಮಾಡಿದರೆ ಅರ್ಧ ಬಿಸಿಯಾದ ಎಂಜಿನ್ ಆರಿಸಿ ಮತ್ತೆ ಹಚ್ಚಿದ ಹಾಗೆ.

ಎಸಿ. ಈ ಗಾಡಿಗಳ ಕಂಪ್ರೆಸರ್ ಕರೆಂಟಲ್ಲಿ ಓಡುತ್ತೆ, ಎಂಜಿನ್ ಬೆಲ್ಟಿನಲ್ಲಲ್ಲ. ಬಿಸಿಲಲ್ಲಿ ಕಾದ ಗಾಡಿ ತಂಪು ಮಾಡೋವಾಗ ಒಂದೆರಡು ಕಿಲೋವ್ಯಾಟ್ ಎಳೆಯಬಹುದು, ತಂಪಾದ ಮೇಲೆ ಒಂದಕ್ಕಿಂತ ಕೆಳಗೆ. ಬಳಕೆಗೆ ಸಿಗೋದೇ 0.3 ಕಿಲೋವ್ಯಾಟ್ ಗಂಟೆ ಆದಾಗ, 1 ಕಿಲೋವ್ಯಾಟ್ ಎಸಿ ಅದನ್ನ 18 ನಿಮಿಷಕ್ಕೆ ಮುಗಿಸುತ್ತೆ. ಸ್ಕೂಲ್ ಮುಂದೆ ಎಸಿ ಹಾಕಿಕೊಂಡು ಮಕ್ಕಳಿಗೆ ಕಾಯುವಾಗ ಎಂಜಿನ್ ಮಧ್ಯೆ ಮಧ್ಯೆ ಎದ್ದೇಳೋದು ಇದಕ್ಕೇ. ಗಾಡಿ ಮರದ ನೆರಳಲ್ಲಿ ನಿಲ್ಲಿಸಿ. ಹತ್ತಿದ ಕೂಡಲೇ ನಾಲ್ಕೂ ಗ್ಲಾಸು ಇಳಿಸಿ ಅರ್ಧ ನಿಮಿಷ ಓಡಿಸಿ ಬಿಸಿಗಾಳಿ ಆಚೆ ಹೋಗಲಿ. ಆಮೇಲೆ ಗ್ಲಾಸು ಏರಿಸಿ, ಒಳಗಿನ ಗಾಳಿಯೇ ಸುತ್ತೋ ಬಟನ್ ಒತ್ತಿ, 25ಕ್ಕೋ 26ಕ್ಕೋ ಇಡಿ. ನಮ್ಮ ಮೈಸೂರಿನ ಹವೆಗೆ ಅದು ಧಾರಾಳ. ಇಕೋ ಮೋಡ್ ಹಾಕಿದರೆ ಎಸಿಯ ಬಿರುಸೂ ಪೆಡಲ್‌ನ ಚುರುಕೂ ಕಡಿಮೆಯಾಗುತ್ತೆ. ಒಳಗಿನ ಯಂತ್ರ ಏನೂ ಬದಲಾಗಲ್ಲ. ಕಾಲು ಹದಕ್ಕೆ ಬಂದವರಿಗೆ ನಾರ್ಮಲ್ ಮೋಡ್‌ನಲ್ಲೂ ಅಷ್ಟೇ ಮೈಲೇಜ್ ಬರುತ್ತೆ.

ಕುವೆಂಪುನಗರದ ಹಂಪುಗಳಿಗೆ: 60–70 ಮೀಟರ್ ಮುಂಚೆಯೇ ಕಾಲು ತೆಗೆದು, ಹಂಪನ್ನ 15ರ ವೇಗದಲ್ಲಿ ನಿಲ್ಲದೆ ದಾಟಿ. ಅಗ್ರಹಾರ ಸರ್ಕಲ್, ರಾಮಸ್ವಾಮಿ ಸರ್ಕಲ್ ಥರದ ಕಡೆ ಮುಂದಿನ ಗಾಡಿಗಳ ಬ್ರೇಕ್ ಲೈಟ್ ಮೇಲೆ ಕಣ್ಣಿರಲಿ, ನಿಮ್ಮ ಮುಂದಿನ ಒಂದೇ ಗಾಡಿ ಮೇಲಲ್ಲ.

ಜೋಡಿರಸ್ತೆ_ಮೈಸೂರು

ಎಲ್ಲರಿಗೂ ಧನ್ಯವಾದ. ಕಾಲು ಪೂರ್ತಿ ಎತ್ತಿ ಮತ್ತೆ ಒತ್ತೋ ವಿಷಯ ಗೊತ್ತೇ ಇರಲಿಲ್ಲ. ಹೈವೇ ಮತ್ತು ಬೆಟ್ಟದ ಬಗ್ಗೆಯೂ ಹೇಳಿ. ಮಂಡ್ಯಕ್ಕೆ ಹೋಗುವಾಗ ಡಿಸ್‌ಪ್ಲೇಯಲ್ಲಿ ಒಳ್ಳೆ ಅಂಕಿ, ಸಂಜೆ ವಾಪಸ್ ಬರುವಾಗ ಕಮ್ಮಿ. ಗಾಡಿ ಅದೇ, ವೇಗ ಅದೇ.

ಇಳಿಜಾರು

ಅದಕ್ಕೆ ಕಾರಣ ದಾರಿಯ ಎತ್ತರ ಸರ್. ಮೈಸೂರು ಸಮುದ್ರಮಟ್ಟದಿಂದ 770 ಮೀಟರ್ ಆಸುಪಾಸು, ಮಂಡ್ಯ 680ರ ಹತ್ತಿರ. ಬೆಳಿಗ್ಗೆ ನೀವು 90 ಮೀಟರ್ ಇಳೀತೀರಿ. ಅದರಲ್ಲಿ ಹೆಚ್ಚಿನದು ಶ್ರೀರಂಗಪಟ್ಟಣಕ್ಕೆ, ಕಾವೇರಿ ಮಟ್ಟಕ್ಕೆ ಬರೋ ಹೊತ್ತಿಗೇ ಆಗಿಹೋಗುತ್ತೆ. ಸಂಜೆ ಅಷ್ಟನ್ನೂ ಹತ್ತಬೇಕು. 1,500 ಕೆಜಿಯನ್ನ 90 ಮೀಟರ್ ಎತ್ತೋಕೆ ಬೇಕಾದ ಶಕ್ತಿಗೆ ಎಂಜಿನ್ ದಕ್ಷತೆ ಸೇರಿಸಿ ಲೆಕ್ಕ ಹಾಕಿದರೆ ಸುಮಾರು 130–140 ಮಿ.ಲೀ. ಪೆಟ್ರೋಲ್. ಒಂದು ಕಡೆಗೆ ಎರಡು ಲೀಟರ್ ಖರ್ಚಾಗೋ ದಾರಿಯಲ್ಲಿ ಅದು 7 ಪರ್ಸೆಂಟ್. ಹೋಗುವಾಗ ಅಷ್ಟು ಉಳಿದ ಹಾಗೆ, ಬರುವಾಗ ಅಷ್ಟು ಜಾಸ್ತಿ ಆದ ಹಾಗೆ. ಈ ದಾರಿಯಲ್ಲಿ ಒಂದು ಕಡೆಯ ಮೈಲೇಜ್ ನೋಡಿ ಏನನ್ನೂ ತೀರ್ಮಾನ ಮಾಡಬೇಡಿ, ಹೋಗಿ ಬಂದದ್ದನ್ನ ಸೇರಿಸಿಯೇ ನೋಡಿ.

ಈಗ ವೇಗ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ. 80ಕ್ಕೆ ಹೋಲಿಸಿದರೆ 100ರಲ್ಲಿ ಗಾಳಿ ತಳ್ಳೋ ಬಲ 56 ಪರ್ಸೆಂಟ್ ಜಾಸ್ತಿ. ಎಸ್‌ಯುವಿಯ ಎತ್ತರದ ಮೂತಿಗೆ ಇದು ಇನ್ನೂ ಚೆನ್ನಾಗಿ ತಟ್ಟುತ್ತೆ. ಬ್ರೋಷರ್‌ನ ಅಂಕಿ ಬರೋ ಪರೀಕ್ಷೆಯಲ್ಲಿ ಗರಿಷ್ಠ ವೇಗವೇ 90, ಅದೂ ರೋಲರ್ ಮೇಲೆ, ಎಸಿ ಆಫ್ ಮಾಡಿ. ನಮ್ಮ ಹೈವೇಯಲ್ಲಿ ಕಾರಿಗೆ ಮಿತಿ 100, ಹಾಗಂತ 100ರಲ್ಲೇ ಹೋಗಬೇಕು ಅಂತಿಲ್ಲ. 40 ಕಿ.ಮೀ.ಗೆ 100ರಲ್ಲಿ 24 ನಿಮಿಷ, 80ರಲ್ಲಿ 30. ಆರು ನಿಮಿಷ ಬೇಗ ಮನೆಯಿಂದ ಹೊರಟರೆ ಎಡಗಡೆ ಲೇನ್‌ನಲ್ಲಿ 80–85ರಲ್ಲಿ ಆರಾಮಾಗಿ ಹೋಗಬಹುದು. ಮೇಲೆ ಬರೆದ ಉಪಾಯಗಳೆಲ್ಲ ಸೇರಿದರೂ ಹೈವೇಯಲ್ಲಿ ಇದೊಂದರಷ್ಟು ಉಳಿಸಲ್ಲ.

ಕ್ರೂಸ್ ಕಂಟ್ರೋಲ್ ಸಮತಟ್ಟಿನಲ್ಲಿ ಒಳ್ಳೇದು. ಫ್ಲೈಓವರ್‌ಗಳ ಏರಿಳಿತದಲ್ಲಿ ಮಾತ್ರ ಅದಕ್ಕೆ ಬುದ್ಧಿ ಓಡಲ್ಲ; ಏರಿನಲ್ಲಿ ವೇಗ ಹಿಡಿಯೋಕೆ ಎಂಜಿನ್ನನ್ನ ಕೂಗಿಸುತ್ತೆ, ಇಳಿಜಾರಲ್ಲಿ ಅದೇ ವೇಗ ಕಾಯೋಕೆ ಹಿಂದಕ್ಕೆ ಎಳೆಯುತ್ತೆ. ಕಾಲಲ್ಲೇ ಓಡಿಸಿದರೆ ಏರಿನಲ್ಲಿ 75ಕ್ಕೆ ಇಳಿಯೋಕೆ ಬಿಡಬಹುದು, ಇಳಿಜಾರಲ್ಲಿ 85ಕ್ಕೆ ತಾನೇ ಬರುತ್ತೆ. ಗಣಂಗೂರು ಟೋಲ್‌ಗೆ 500 ಮೀಟರ್ ಇರುವಾಗಲೇ ಇಂಡಿಕೇಟರ್ ಹಾಕಿ ಕಾಲು ತೆಗೀರಿ, ಹಿಂದಿನವರನ್ನ ನೋಡಿಕೊಂಡು. ಟೋಲ್ ಬಾಗಿಲಿಗೆ ಬರೋ ಹೊತ್ತಿಗೆ ಬ್ಯಾಟರಿಗೆ ಒಂದೆರಡು ಗೆರೆ ಸೇರಿರುತ್ತೆ. ಅಲ್ಲಿಂದ ಹೊರಡೋಕೆ ಅದೇ ಬಳಕೆಯಾಗುತ್ತೆ.

ಲಾರಿಗೆ ಅಂಟಿಕೊಂಡು ಗಾಳಿ ತಡೆ ತಪ್ಪಿಸಿ ಅಂತ ಹೇಳೋರಿದ್ದಾರೆ. ದಯವಿಟ್ಟು ಬೇಡ. 80ರಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತೆ. ಮೂರು ಸೆಕೆಂಡಿನ ಅಂತರ ಅಂದರೆ 66 ಮೀಟರ್. ಅಷ್ಟು ಜಾಗ ಬಿಟ್ಟರೆ ಜೀವಕ್ಕೂ ಕ್ಷೇಮ, ಮುಂದಿನ ಗಾಡಿ ನಿಧಾನ ಮಾಡಿದಾಗ ನೀವು ಬ್ರೇಕ್ ಒತ್ತದೆ ಕಾಲು ತೆಗೆದರೆ ಸಾಕಾಗುತ್ತೆ.

ಚಾಮುಂಡಿ ಬೆಟ್ಟ. ಮೇಲಿಂದ ಬುಡಕ್ಕೆ ಸುಮಾರು 300 ಮೀಟರ್ ಇಳಿತ. ಅಷ್ಟು ಎತ್ತರದಲ್ಲಿ ನಿಂತ 1,500 ಕೆಜಿ ಗಾಡಿಯಲ್ಲಿ 1.2 ಕಿಲೋವ್ಯಾಟ್ ಗಂಟೆ ಶಕ್ತಿ ಇರುತ್ತೆ. ಟೈರಿನ ಮತ್ತು ಗಾಳಿಯ ತಡೆಗೆ ಒಂದಿಷ್ಟು, ಬ್ಯಾಟರಿಗೆ ತುಂಬೋ ದಾರಿಯಲ್ಲಿ ಒಂದಿಷ್ಟು ಕಳೆದರೂ ಅರ್ಧ ಕಿಲೋವ್ಯಾಟ್ ಗಂಟೆ ಉಳಿಯುತ್ತೆ. ಬ್ಯಾಟರಿಯಲ್ಲಿ ಜಾಗ ಇರೋದು ಹೆಚ್ಚೆಂದರೆ 0.3. ಅಂದರೆ ಅರ್ಧ ದಾರಿ ದಾಟೋ ಹೊತ್ತಿಗೆ ಬ್ಯಾಟರಿ ತುಂಬಿಬಿಡುತ್ತೆ. ಆಗ ‘ಬಿ’ಯಲ್ಲಿ ಕಂಪ್ಯೂಟರ್ ಎಂಜಿನ್ನನ್ನ ಪೆಟ್ರೋಲ್ ಹಾಕದೆ ಬರೀ ತಿರುಗಿಸಿ ಗಾಡಿಯನ್ನ ಹಿಡಿದಿಡುತ್ತೆ. ನಿಮಗೆ ಕೇಳಿಸೋ ಕೂಗು ಅದೇ, ಎಂಜಿನ್ ಗಾಳಿ ಎಳೆದು ಒತ್ತಿ ಬಿಡೋ ಸದ್ದು. ಪೆಟ್ರೋಲ್ ಖರ್ಚಿಲ್ಲ. ಆ ಹೊತ್ತಲ್ಲಿ ತತ್‌ಕ್ಷಣದ ಮೈಲೇಜ್ ತೋರಿಸೋ ಪಟ್ಟಿ ನೋಡಿ, ಕೊನೆ ಮುಟ್ಟಿರುತ್ತೆ.

ಬ್ಯಾಟರಿ ತುಂಬಿದ ಮೇಲೆ ‘ಡಿ’ಯಲ್ಲೇ ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಇಳಿದರೆ ಅಪಾಯ. ಮೋಟರ್ ಹಿಡಿಯೋದು ನಿಂತಿರುತ್ತೆ, ಎಲ್ಲ ಭಾರ ಡಿಸ್ಕ್ ಮೇಲೆ. ಬೆಟ್ಟದ ತಿರುವುಗಳಲ್ಲಿ, ಊಟಿ–ಗೂಡಲೂರು ಘಾಟಿಯಂಥ ಕಡೆಯಲ್ಲಂತೂ, ಮೇಲಿನಿಂದಲೇ ‘ಬಿ’ಗೆ ಹಾಕಿ. ಸಮತಟ್ಟಿಗೆ ಬಂದ ಕೂಡಲೇ ‘ಡಿ’ಗೆ ವಾಪಸ್. ಊರೊಳಗೆ ‘ಬಿ’ ಬಳಸಿದರೆ ಚಾರ್ಜ್ ಜಾಸ್ತಿ ಅನ್ನೋದು ತಪ್ಪು. ಕಾಲು ತೆಗೆದಾಗಲೆಲ್ಲ ಅಗತ್ಯಕ್ಕಿಂತ ಜಾಸ್ತಿ ಎಳೆದು ಉರುಳೋ ದೂರವನ್ನ ತಿನ್ನುತ್ತೆ.

ಹೆಬ್ಬಾಳ_ಬೈಪಾಸ್

ಒಪ್ಪಿದೆ, ಟೈರ್ ಸ್ಟಿಕ್ಕರ್ ಪ್ರಕಾರವೇ ಇರಲಿ. ಹೋಂಡಾ ಸಿಟಿ ಇ-ಎಚ್‌ಇವಿ ಇರೋರಿಗೂ ಇದೇ ಕ್ರಮವಾ?

ಇಳಿಜಾರು

ಬ್ರೇಕ್, ಎಸಿ, ಟೈರ್, ಹೈವೇ ವೇಗ ಎಲ್ಲ ಒಂದೇ. ವ್ಯತ್ಯಾಸ ಇರೋದು ಎಳೆತದಲ್ಲಿ. ಹೋಂಡಾ ಸಿಟಿಯಲ್ಲಿ ಊರೊಳಗಿನ ವೇಗಕ್ಕೆ ಚಕ್ರ ತಿರುಗಿಸೋದು ಮೋಟರ್, ಎಂಜಿನ್ ಬರೀ ಜನರೇಟರ್ ತಿರುಗಿಸುತ್ತೆ. ಹೈವೇ ವೇಗದಲ್ಲಿ ಮಾತ್ರ ಕ್ಲಚ್ ಹಿಡಿದು ಎಂಜಿನ್ ನೇರವಾಗಿ ಚಕ್ರಕ್ಕೆ ಸೇರುತ್ತೆ. ಹಾಗಾಗಿ ಹೈವೇಯಲ್ಲಿ ಒಂದೇ ಸಮನೆ ವೇಗ ಹಿಡಿದರೆ ಆ ನೇರ ಜೋಡಣೆ ಉಳಿಯುತ್ತೆ; ಪದೇ ಪದೇ ಒತ್ತಿ ಬಿಟ್ಟರೆ ಬಿಟ್ಟುಹೋಗುತ್ತೆ. ಅದರಲ್ಲಿ ಸ್ಟೇರಿಂಗ್ ಹಿಂದಿನ ಪ್ಯಾಡಲ್‌ಗಳಿಂದ, ಕಾಲು ತೆಗೆದಾಗ ಗಾಡಿ ಎಷ್ಟು ಹಿಂದಕ್ಕೆ ಎಳೆಯಬೇಕು ಅನ್ನೋ ಮಟ್ಟ ಆರಿಸಬಹುದು. ಸಿಗ್ನಲ್ ಬರುವಾಗ ಒಂದೊಂದೇ ಮಟ್ಟ ಏರಿಸ್ತಾ ಬನ್ನಿ.

ಮಲ್ಲಿಗೆಮೊಗ್ಗು

ಅಳತೆ ಬಗ್ಗೆ ಯಾರೂ ಹೇಳಲಿಲ್ಲ, ಅದಿಲ್ಲದೆ ಇಷ್ಟೆಲ್ಲ ಮಾಡಿಯೂ ಫಲ ಗೊತ್ತಾಗಲ್ಲ. ಡಿಸ್‌ಪ್ಲೇ ಅಂಕಿ ಸಾಮಾನ್ಯವಾಗಿ ನಿಜಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತೆ. ಒಂದೇ ಬಂಕು, ಸಾಧ್ಯವಾದರೆ ಒಂದೇ ಪಂಪು, ಗನ್ ಮೊದಲ ಸಲ ಟಕ್ ಅಂದಾಗ ನಿಲ್ಲಿಸಿ. ರೌಂಡ್ ಫಿಗರ್ ಮಾಡೋಕೆ ಇನ್ನೂ ಸ್ವಲ್ಪ ಹಾಕಿಸಬೇಡಿ. ಟ್ರಿಪ್ ಸೊನ್ನೆ ಮಾಡಿ, 400–500 ಕಿ.ಮೀ. ಓಡಿಸಿ, ಮತ್ತೆ ಹಾಗೇ ತುಂಬಿಸಿ ಭಾಗಿಸಿ. 20 ಲೀಟರ್ ತುಂಬಿಸುವಾಗ 1 ಲೀಟರ್ ಹೆಚ್ಚುಕಮ್ಮಿಯಾದರೆ ಲೆಕ್ಕ 5 ಪರ್ಸೆಂಟ್ ತಪ್ಪುತ್ತೆ, ಆದ್ದರಿಂದ ಮೂರು ಸಲದ ಕಿಲೋಮೀಟರೂ ಲೀಟರೂ ಕೂಡಿಸಿ ಒಟ್ಟಿಗೆ ಭಾಗಿಸಿ. ಒಂದು ಅಭ್ಯಾಸ ಬದಲಿಸಿದ ಮೇಲೆ ಮೂರು ಟ್ಯಾಂಕ್ ಅದನ್ನೇ ನೋಡಿ, ಆಮೇಲೆ ಮುಂದಿನದು.

ಹಳೇ ವರ್ಷಗಳ ಅಂಕಿಗೆ ಹೋಲಿಸುವಾಗ ಪೆಟ್ರೋಲ್ ಬದಲಾಗಿರೋದೂ ನೆನಪಿರಲಿ. ಈಗ ಬರೋದು ಇ20, ನೂರಕ್ಕೆ 20 ಪಾಲು ಎಥೆನಾಲ್. ಲೀಟರಿಗೆ ಲೀಟರ್ ನೋಡಿದರೆ ಎಥೆನಾಲ್‌ನಲ್ಲಿ ಶಕ್ತಿ ಪೆಟ್ರೋಲ್‌ಗಿಂತ ಮೂರನೇ ಒಂದು ಪಾಲಿನಷ್ಟು ಕಡಿಮೆ. ಹಾಗಾಗಿ ಇ20 ಲೀಟರಿನಲ್ಲಿ ಬರೀ ಪೆಟ್ರೋಲ್‌ಗಿಂತ 6–7 ಪರ್ಸೆಂಟ್ ಶಕ್ತಿ ಕಮ್ಮಿ. ಅಷ್ಟು ಬೀಳೋದನ್ನ ನಿಮ್ಮ ಕಾಲಿನ ತಪ್ಪು ಅಂದುಕೊಳ್ಳಬೇಡಿ.

ಸ್ಪ್ಯಾನರ್_ಮಂಡ್ಯ

ಅಣ್ಣ, ಇನ್ನೊಂದು ಮಾತು. ಡಿಕ್ಕೀಲಿ ಬೇಡದ್ದೆಲ್ಲ ಇಳ್ಸಿ, ಮೇಲೆ ಕ್ಯಾರಿಯರ್ ಇದ್ರೆ ಬಿಚ್ಚಿಡಿ, ಹೈವೇಲಿ ಅದು ಗಾಳಿಗೆ ಅಡ್ಡ. ಏರ್ ಫಿಲ್ಟರ್ ಬದ್ಲಾಯಿಸುದ್ರೆ ಮೈಲೇಜು ಏರ್ತದೆ ಅಂತ ಕಾದು ಕೂರ್ಬೇಡಿ. ಈಗಿನ ಎಂಜಿನ್ನು ಬರೋ ಗಾಳಿ ಅಳೆದೇ ಪೆಟ್ರೋಲ್ ಹಾಕೋದು, ಫಿಲ್ಟರ್ ಕಟ್ಕಂಡ್ರೆ ಮೊದ್ಲು ಎಳೆತ ಕಮ್ಮಿಯಾಗ್ತದೆ. ವೀಲ್ ಕಾವು ನೋಡೋ ಕೆಲ್ಸ ಇವತ್ತೇ ಮಾಡಿ. ಮಂಡ್ಯ ತಲುಪಿದ್ಮೇಲೆ ಪಾರ್ಕಿಂಗಲ್ಲಿ ಎರಡು ನಿಮಿಷ ಸಾಕು. ಯಾವ ವೀಲು ಬಿಸಿ ಅಂತ ಇಲ್ಲೇ ಬರೀರಿ, ಮುಂದಿನದ್ದು ಹೇಳ್ತೀನಿ.